ಸುಯಿಡೇ ಎಂಬ ಹೆಸರಿನ ಯಜಮಾನ

"ಆ ಹೆಸರು ನಿಂಗ್ಯಾರು ಕೊಟ್ರು?"

ಬುಬು ಕೇಳಿದ್ದು ಮೆಲ್ಲಗೆ. ಆದರೂ ಅಂಗಳದಲ್ಲಿದ್ದ ಇಪ್ಪತ್ತು ಮಂದಿಯೂ ಒಮ್ಮೆಗೇ ಬಾಯಿ ಮುಚ್ಚಿದರು. ಸಂಜೆ ಕುಡಿಯಲು ಕಾವಾ ಬೇರು ಅರೆಯುತ್ತಿದ್ದವನ ಕೈ ಅರ್ಧದಲ್ಲೇ ನಿಂತಿತು. ಚಾಪೆ ಹೆಣೆಯುತ್ತಿದ್ದ ಹಿಲ್ಡಾ ಅತ್ತೆ ಮಾತ್ರ ಹೆಣಿಗೆ ನಿಲ್ಲಿಸಲಿಲ್ಲ. ಕಿವಿಯನ್ನಷ್ಟೇ ಈ ಕಡೆ ಕೊಟ್ಟಳು.

ಮೇಬಲ್ ತನ್ನ ಹಂದಿಮರಿಯ ಹಗ್ಗ ಹಿಡಿದುಕೊಂಡು ನಡು ಅಂಗಳದಲ್ಲಿ ನಿಂತಿದ್ದಳು. ಮರಿ ಅವಳ ಕಾಲಿನ ಹೆಬ್ಬೆರಳನ್ನು ಮೂಸಿ ನೋಡುತ್ತಿತ್ತು. ತಿನ್ನುವಂಥದ್ದೋ ಅಲ್ಲವೋ ಎಂದು ಅದಕ್ಕೆ ಅನುಮಾನ.

"ಯಾವ ಹೆಸರು ಬುಬು?"

"ಈಗ ಕೂಗಿದ್ಯಲ್ಲ, ಗುಡ್ಡದಿಂದ ಸಮುದ್ರದ ತನಕ ಕೇಳೋ ಹಾಗೆ."

"ಸುಯಿಡೇನಾ?"

"ನೋಡಿ ನೋಡಿ, ಮತ್ತೆ ಹೇಳಿದ್ಲು!" ಎಂದಳು ಹಿಲ್ಡಾ ಅತ್ತೆ.

ಬುಬು ಎಂದರೆ ಮೇಬಲ್‌ಳ ಅಜ್ಜ, ಅಪ್ಪನ ಅಪ್ಪ. ಊರಿನ ಯಜಮಾನನೂ ಅವನೇ. ಅವನ ಹೆಸರು ವಿರಾತಾಬೆ. ಹುಟ್ಟಿದಾಗ ಇಟ್ಟ ಹೆಸರಲ್ಲ ಅದು. ಹುಟ್ಟಿದಾಗಿನ ಹೆಸರು ಈಗ ಯಾರಿಗೂ ನೆನಪಿಲ್ಲ. ಹಂದಿ ಸಾಕಿ, ಕೋರೆ ಬೆಳೆಸಿ, ಕೊಡಬೇಕಾದವರಿಗೆ ಕೊಟ್ಟು, ಯಜಮಾನಿಕೆಯ ಒಂದೊಂದೇ ಮೆಟ್ಟಿಲು ಹತ್ತಿ ಪಡೆದ ಐದನೆಯ ಹೆಸರು ಅದು. ಸಮುದ್ರದ ನಡುವಿನ ದ್ವೀಪದ ಈ ಲೊಲ್ವಾತು ಊರಿನಲ್ಲಿ ಹೆಸರು ಸುಮ್ಮನೆ ಸಿಗುವುದಿಲ್ಲ. ಹೆಸರೇಕೆ, ಚಾಪೆಯ ಮೇಲಿನ ಚಿತ್ತಾರಕ್ಕೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಗೂ ಒಬ್ಬ ಯಜಮಾನ ಇರುತ್ತಾನೆ. ಅವನನ್ನು ಕೇಳಿ, ಹಂದಿ ಕೊಟ್ಟು, ಆಮೇಲೆ ಬಳಸಬೇಕು.

ಇಷ್ಟೆಲ್ಲ ಗೊತ್ತಿದ್ದೂ ಮೇಬಲ್ ಎಡವಿದ್ದಳು. ತಪ್ಪು ಅವಳೊಬ್ಬಳದೇ ಅಲ್ಲ, ಇಯಾತಿ ಮೇಷ್ಟ್ರದ್ದೂ ಸ್ವಲ್ಪ ಇತ್ತು.

ಅವತ್ತು ಬೆಳಿಗ್ಗೆ ಐದನೇ ತರಗತಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ 'ಸುಯಿಡೇ' ಎಂದು ಬರೆದಿದ್ದರು. "ಪ್ರಪಂಚದ ಎಲ್ಲಾ ಹಂದಿಗಳಿಗೂ ಸೇರಿಸಿ ವಿಜ್ಞಾನಿಗಳು ಇಟ್ಟಿರೋ ಮನೆತನದ ಹೆಸರು ಇದು. ಮೂರು ಸಲ ಹೇಳಿ" ಎಂದಿದ್ದರು.

ಮೇಷ್ಟ್ರು ದೂರದ ತಾನ್ನಾ ದ್ವೀಪದವರು. ಈ ಊರಿನಲ್ಲಿ ಹಂದಿಯ ಮಾತೆತ್ತುವಾಗ ಎಷ್ಟು ಹುಷಾರಾಗಿರಬೇಕೆಂದು ಅವರಿಗೆ ಪಾಪ ತಿಳಿಯದು.

"ಎಲ್ಲಾ ಹಂದೀಗೂ ಒಂದೇ ಹೆಸರಾ ಸಾರ್?" ಸೆಲ್ವಿನ್ ಎದ್ದು ನಿಂತ. "ಕೋರೆ ಈಗಷ್ಟೇ ಮೂಡಿರೋದಕ್ಕೂ?"

"ಹೂಂ."

"ಕೋರೆ ಕೆನ್ನೆಗೆ ತಾಗಿರೋದಕ್ಕೂ?"

"ಅದಕ್ಕೂ."

"ಸುತ್ತಿಕೊಂಡು ಬಳೆ ಆಗಿರೋದಕ್ಕೂ? ಗಂಡೂ ಅಲ್ದೆ ಹೆಣ್ಣೂ ಅಲ್ದೆ ಹುಟ್ಟಿರೋದಕ್ಕೂ?"

"ಎಲ್ಲಾದಕ್ಕೂ ಕಣೋ! ಕೂತ್ಕೊ!"

ಇಪ್ಪತ್ಮೂರು ಮಕ್ಕಳೂ ಮುಖ ಮುಖ ನೋಡಿಕೊಂಡರು. ಅವರ ಮನೆಗಳಲ್ಲಿ ಒಂದೊಂದು ಕೋರೆಗೆ ಒಂದೊಂದು ಹೆಸರು. ಬಳೆಗೋರೆಯ ಹಂದಿಯನ್ನೂ ನಿನ್ನೆ ಹುಟ್ಟಿದ ಮರಿಯನ್ನೂ ಒಂದೇ ಹೆಸರಲ್ಲಿ ಕರೆಯುವುದೆಂದರೆ ಊರಿನ ಯಜಮಾನನನ್ನು "ಬಾರೋ ಪುಟ್ಟಾ" ಎಂದ ಹಾಗೆ.

ಮೇಷ್ಟ್ರು ಬಿಡಲಿಲ್ಲ. ಪುಸ್ತಕ ತೆರೆದು ಚಿತ್ರ ತೋರಿಸಿದರು. ಆಫ್ರಿಕಾದಲ್ಲಿ ಮುಖದ ತುಂಬ ಗಂಟುಗಳಿರುವ ಹಂದಿ. ಇಂಡೋನೇಷ್ಯಾದಲ್ಲಿ ಬಾಬಿರೂಸಾ, ಅದರ ಕೋರೆ ಮೂತಿಯನ್ನೇ ತೂರಿಕೊಂಡು ಮೇಲೆದ್ದು ಹಣೆಯ ಕಡೆ ಬಾಗುತ್ತದೆ.

"ಯಾರೂ ಮೇಲಿನ ಹಲ್ಲು ಕೀಳದೆಯೇ ಬಾಗುತ್ತಾ ಸಾರ್?"

"ತಾನಾಗೇ ಬಾಗುತ್ತೆ."

"ಬಿಟ್ಟಿ ಕೋರೆ!" ಎಂದು ಸೆಲ್ವಿನ್ ಬಾಯಿ ಬಿಟ್ಟ. "ಹಾಗಾದ್ರೆ ಅಲ್ಲಿ ಎಲ್ರೂ ಯಜಮಾನರೇನಾ?"

ಕೊನೆಗೆ ಮೇಷ್ಟ್ರು ಪೆಕ್ಕರಿ ಎಂಬ ಅಮೆರಿಕದ ಪ್ರಾಣಿಯನ್ನು ತೋರಿಸಿದರು. "ನೋಡೋಕೆ ಹಂದಿ ಥರಾನೇ ಇದೆ. ಆದ್ರೆ ಇದು ಸುಯಿಡೇ ಅಲ್ಲ. ಬೇರೆ ಮನೆತನ."

"ಬೇರೆ ಮನೆತನ ಅಂದ್ರೆ ಬೀಗತನ ಮಾಡ್ಬೋದು" ಎಂದು ಹಿಂದಿನ ಬೆಂಚಿನಿಂದ ಯಾರೋ ತೀರ್ಪು ಕೊಟ್ಟರು.

ಮೇಬಲ್‌ಗೆ ಬೋರ್ಡಿನ ಮೇಲಿನ ಆ ಮಾತು ಬಹಳ ಹಿಡಿಸಿತ್ತು. ಸುಯಿಡೇ. ಕೂಗಿದರೆ ಕೊನೆಯಲ್ಲಿ ಎಳೆಯಬಹುದು. ಅವಳ ಹಂದಿಮರಿಗೆ ಇನ್ನೂ ಹೆಸರಿರಲಿಲ್ಲ. ಹಿಲ್ಡಾ ಅತ್ತೆ ಕೊಟ್ಟ ಗಂಡುಮರಿ ಅದು, ಮೈಯೆಲ್ಲ ಕಪ್ಪು, ಒಂದು ಕಿವಿ ಮಾತ್ರ ಬಿಳಿ. ಕೆಳಗಿನ ಕೋರೆ ತಡೆಯಿಲ್ಲದೆ ಬಳೆಯಂತೆ ಸುತ್ತಿ ಬೆಳೆಯಲೆಂದು ಮೇಲಿನ ಹಲ್ಲು ಕಿತ್ತು ಎರಡು ತಿಂಗಳಾಗಿತ್ತು. ಆ ಕೋರೆ ಈಗ ಅಕ್ಕಿಕಾಳಿನಷ್ಟು ಇಣುಕುತ್ತಿತ್ತು. ಗಟ್ಟಿ ತಿಂದರೆ ಕೋರೆ ಮುರಿದೀತೆಂದು ಮೇಬಲ್ ದಿನಾ ಕೆಸುವಿನ ಗೆಡ್ಡೆ ಬೇಯಿಸಿ, ಕಿವುಚಿ, ಉಂಡೆ ಮಾಡಿ ತಿನ್ನಿಸುತ್ತಿದ್ದಳು. ಏಳು ವರ್ಷ ಹೀಗೆ ತಿನ್ನಿಸಿದರೆ ಬಳೆ. ಅಷ್ಟರಲ್ಲಿ ಅವಳಿಗೆ ಹದಿನೇಳು.

ಅದಕ್ಕೇ ಸಂಜೆ ಗುಡ್ಡದ ಮೇಲೆ ನಿಂತು, "ಸುಯಿಡೇಏಏ!" ಎಂದು ಕೂಗಿದಳು. ಮರಿ ಓಡಿ ಬಂತು. ಮರಿಯ ಹಿಂದೆಯೇ, ಬುಬು ಕರೆಯುತ್ತಿದ್ದಾನೆ ಎಂದು ಸೆಲ್ವಿನ್ ಓಡಿ ಬಂದ.

"ಮೇಷ್ಟ್ರು ಹೇಳಿಕೊಟ್ರು ಬುಬು" ಎಂದಳು ಈಗ. "ಕ್ಲಾಸಲ್ಲಿ ಎಲ್ರೂ ಹೇಳಿದ್ರು. ಸೆಲ್ವಿನ್ ಕೂಡ ಹೇಳಿದ."

"ನಾನು ತುಟಿ ಅಲ್ಲಾಡಿಸಿದೆ ಅಷ್ಟೇ" ಎಂದ ಸೆಲ್ವಿನ್ ತೆಂಗಿನಮರದ ಹಿಂದಿನಿಂದ.

"ಹೇಳಿದ್ರೆ ತಪ್ಪಿಲ್ಲ" ಎಂದ ಬುಬು. "ಗಿಳಿಯೂ ಹೇಳುತ್ತೆ. ನೀನು ಅದನ್ನ ತಗೊಂಡು ಒಂದು ಹಂದಿಗೆ ಇಟ್ಟೆ. ಇಟ್ಟ ಮೇಲೆ ತಗೊಂಡ ಹಾಗಾಯ್ತು. ಕೇಳಿ ತಗೊಂಡ್ಯಾ?"

ಮೇಬಲ್ ತಲೆ ಬಗ್ಗಿಸಿದಳು.

"ಕೇಳದೆ ತಗೊಂಡ ಹೆಸರಿಗೆ ಹಂದಿ ಕೊಡ್ಬೇಕು. ನಿನ್ನ ಹತ್ರ ಇರೋದು ಒಂದೇ ಹಂದಿ."

"ಅಪ್ಪಾ, ಮಗು ಅದು!" ಹಿಲ್ಡಾ ಅತ್ತೆಯ ಹೆಣಿಗೆ ಈಗ ನಿಂತಿತು. "ಮೊಮ್ಮಗಳು ಅನ್ನೋ ಕನಿಕರಾನೂ ಇಲ್ವಾ?"

"ಮೊಮ್ಮಗಳು ಅಂತ ಬಿಟ್ರೆ ನಾಳೆ ಇಡೀ ಊರೇ ನನ್ನ ಮೊಮ್ಮಕ್ಕಳಾಗುತ್ತೆ" ಎಂದ ಬುಬು. "ಯಜಮಾನ ಯಾರು ಅಂತ ಗೊತ್ತಾಗ್ಲಿ. ಅಲ್ಲಿ ತನಕ ಹಂದಿ ಮನೇಲೇ ಇರ್ಲಿ. ಆ ಮಾತು ಈಗ ತಕರಾರಿನಲ್ಲಿದೆ, ಯಾರೂ ಆಡ್ಬಾರ್ದು."

ಮರುದಿನ ಬುಬು ಊರಿನ ಹಿರಿಯರನ್ನು ಕಟ್ಟಿಕೊಂಡು ಶಾಲೆಗೆ ಹೋದ. ಮೇಷ್ಟ್ರು ಗಾಬರಿಯಿಂದ ಬೆಂಚು ಒರೆಸಿ ಕೂರಿಸಿದರು.

"ಮೇಷ್ಟ್ರೇ, ಆ ಮಾತು ನಿಮ್ದಾ?"

"ಯಾವ ಮಾತು ಯಜಮಾನ್ರೇ?"

"ಹೇಳೋ ಹಾಗಿಲ್ಲ. ಹಂದಿ ಮನೆತನದ್ದು."

"ಓ, ಸುಯಿ..."

ಆರು ಮಂದಿ ಹಿರಿಯರೂ ಕಿವಿ ಮುಚ್ಚಿಕೊಂಡರು. ಒಬ್ಬನಿಗೆ ಕಿವಿ ಮೊದಲೇ ಕೇಳಿಸುತ್ತಿರಲಿಲ್ಲ, ಆದರೂ ಮುಚ್ಚಿಕೊಂಡ.

"ಅದು ಯಾರದ್ದೂ ಅಲ್ಲ" ಎಂದರು ಮೇಷ್ಟ್ರು. "ವಿಜ್ಞಾನದ ಮಾತು. ಯಾರು ಬೇಕಾದ್ರೂ ಬಳಸ್ಬೋದು. ಫ್ರೀ."

ಬುಬುವಿಗೆ ಮೇಷ್ಟ್ರ ಮೇಲೆ ಕನಿಕರ ಬಂತು. "ಕೆಳಗೆ ಬಿದ್ದ ತೆಂಗಿನಕಾಯಿಗೂ ಒಂದು ಮರ ಇರುತ್ತೆ. ಮರಕ್ಕೊಬ್ಬ ಯಜಮಾನ ಇರ್ತಾನೆ. ಹೆಸರು ತಾನಾಗೇ ಹುಟ್ಟುತ್ತಾ? ಯಾರೋ ಒಬ್ರು ಮೊದಲು ಬಾಯಿ ಬಿಟ್ಟು ಹೇಳಿರ್ಬೇಕಲ್ಲ?"

ಮೇಷ್ಟ್ರು ತಲೆ ಕೆರೆದುಕೊಂಡರು. ಡಿಪ್ಲೊಮಾ ಓದುವಾಗ ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ.

ಅಲ್ಲಿಂದ ಊರಿನಲ್ಲಿ ಪೇಚಾಟ ಶುರುವಾಯಿತು. ಸಾಮಾನು ತರುವ ಹಡಗು ಬಂದಾಗಲೆಲ್ಲ ಬುಬು ತೀರಕ್ಕೆ ಇಳಿದು, "ಹಂದಿ ಮನೆತನಕ್ಕೆ ಹೆಸರಿಟ್ಟವರು ನಿಮ್ಮಲ್ಲಿ ಯಾರಾದ್ರೂ ಇದೀರಾ?" ಎಂದು ವಿಚಾರಿಸಿದ. "ನಾನು ನಾಯಿಗೆ ಇಟ್ಟಿದೀನಿ, ಬೇಕಾದ್ರೆ ಕೊಡ್ತೀನಿ" ಎಂದ ಹಡಗಿನ ಕ್ಯಾಪ್ಟನ್. ಸೆಲ್ವಿನ್ ಮರ ಹತ್ತಿ ಕೂತು, "ಸು... ಸು..." ಎನ್ನುವನು. ದೊಡ್ಡವರು ಕೋಲು ಹಿಡಿದು ಓಡಿ ಬಂದರೆ, "ಸುಸ್ತಾಗಿದೆ ಅಂದೆ!" ಎನ್ನುವನು. ಅವನಿಗೆ ಒಂದು ವಾರ ಬೇರೆ ಕೆಲಸವೇ ಇರಲಿಲ್ಲ.

ಮೇಬಲ್‌ಗೆ ಮಾತ್ರ ನಗು ಬರುತ್ತಿರಲಿಲ್ಲ. ಪ್ರತಿ ಸಂಜೆ ಗೆಡ್ಡೆ ಕಿವುಚುವಾಗ, ಇದೇ ಕೊನೆಯ ಉಂಡೆಯಾದರೆ ಎಂದುಕೊಳ್ಳುತ್ತಿದ್ದಳು. ಬುಬುವಿನ ಮೇಲೆ ಸಿಟ್ಟು ಬರುತ್ತಿತ್ತು. ಅವನ ಪಕ್ಕ ಕೂತು ಉಣ್ಣುವುದನ್ನು ಅವಳು ಬಿಟ್ಟಳು. ಏಕೆಂದು ಬುಬು ಕೇಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅದೇ ವಾರ ಶಾಲೆಯಲ್ಲಿ ಟೆಸ್ಟ್ ಬಂತು. ಪ್ರಶ್ನೆಪತ್ರಿಕೆ ಶಿಕ್ಷಣ ಕಚೇರಿಯಿಂದಲೇ ಬಂದಿತ್ತು. ನಾಲ್ಕನೇ ಪ್ರಶ್ನೆ ಓದಿದ ಮೇಷ್ಟ್ರು ಗೋಡೆಗೆ ಒರಗಿಕೊಂಡರು. 'ಹಂದಿಗಳ ಕುಟುಂಬದ ವೈಜ್ಞಾನಿಕ ಹೆಸರನ್ನು ಬರೆಯಿರಿ.'

ಇಪ್ಪತ್ಮೂರು ಮಕ್ಕಳಿಗೂ ಉತ್ತರ ಗೊತ್ತಿತ್ತು. ಪ್ರಪಂಚದ ಬೇರೆ ಯಾವ ಶಾಲೆಯಲ್ಲೂ ಆ ಉತ್ತರ ಇಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಆದರೆ ಬರೆದವರು ಒಬ್ಬರೂ ಇಲ್ಲ.

'ಗೊತ್ತು. ಬರೆಯೋ ಹಕ್ಕಿಲ್ಲ' ಎಂದು ಬರೆದಳು ಮೇಬಲ್. 'ಆ ಮಾತು' ಎಂದು ಒಬ್ಬ ಬರೆದ. 'ಯಜಮಾನ ಸಿಕ್ಕ ಮೇಲೆ ತಿಳಿಸಲಾಗುವುದು' ಎಂದು ಇನ್ನೊಬ್ಬಳು. ಸೆಲ್ವಿನ್ ಬಾಯಿ ಮುಚ್ಚಿಕೊಂಡ ಹಂದಿಯ ಚಿತ್ರ ಬಿಡಿಸಿ, ಬಣ್ಣ ಹಚ್ಚಿ, ಕೆಳಗೆ ಸಹಿಯನ್ನೂ ಹಾಕಿದ.

ಉತ್ತರಪತ್ರಿಕೆಗಳು ಕಚೇರಿಗೆ ಹೋದವು. ಮುಂದಿನ ಹಡಗಿನಲ್ಲೇ ಕಾಗದ ಬಂತು. ಇಡೀ ತರಗತಿಗೆ ಒಂದು ಸಾಮಾನ್ಯ ಪ್ರಶ್ನೆ ಬರಲಿಲ್ಲವೆಂದರೆ ಮೇಷ್ಟ್ರು ಪಾಠವನ್ನೇ ಮಾಡಿಲ್ಲ. ಬರುವ ಶುಕ್ರವಾರ ಅಧಿಕಾರಿ ಖುದ್ದಾಗಿ ಬಂದು ಮತ್ತೆ ಪರೀಕ್ಷೆ ಮಾಡುತ್ತಾರೆ. ಆಗಲೂ ಹೀಗೇ ಆದರೆ ಮೇಷ್ಟ್ರನ್ನು ಬೇರೆ ದ್ವೀಪಕ್ಕೆ ಕಳಿಸಲಾಗುತ್ತದೆ.

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿ ಮಡಚಿಟ್ಟರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಮೇಬಲ್, ಈ ಪುಸ್ತಕ ಅಲಮಾರಿಯಲ್ಲಿ ಇಡಮ್ಮಾ" ಎಂದರು.

ಅದೇ ದಪ್ಪ ಪುಸ್ತಕ. ಅಲಮಾರಿಯ ಹಿಂದೆ ನಿಂತು ಮೇಬಲ್ ಮೆಲ್ಲಗೆ ಹಂದಿಯ ಪುಟ ತೆರೆದಳು. ಬಾಬಿರೂಸಾ, ಗಂಟುಮುಖದ ಹಂದಿ, ಎಲ್ಲರೂ ಅಲ್ಲೇ ಇದ್ದರು. ಮೇಲೆ ದಪ್ಪ ಅಕ್ಷರದಲ್ಲಿ ಆ ಮಾತು. ಅದರ ಮಗ್ಗುಲಲ್ಲಿ, ಇರುವೆ ಸಾಲಿನಂತೆ ಸಣ್ಣದಾಗಿ ಇನ್ನೇನೋ ಇತ್ತು.

ಗ್ರೇ, 1821.

ಅವಳು ಪುಟ ತಿರುಗಿಸಿದಳು. ನೀರಾನೆಯ ಮನೆತನ. ಅಲ್ಲೂ ಗ್ರೇ, 1821. ಪೆಕ್ಕರಿಯ ಮನೆತನಕ್ಕೆ ಬೇರೆ ಹೆಸರು, ಬೇರೆ ವರ್ಷ. ಪ್ರತಿ ಮನೆತನದ ಪಕ್ಕದಲ್ಲೂ ಒಬ್ಬೊಬ್ಬರು ಕೂತಿದ್ದರು.

ಮೇಬಲ್ ಪುಸ್ತಕವನ್ನು ಟಪ್ಪೆಂದು ಮುಚ್ಚಿದಳು.

ಯಜಮಾನ ಸಿಕ್ಕಿದ್ದ. ಅವಳು ಹೇಳಿದರೆ ಹಂದಿ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಇಷ್ಟು ಸಣ್ಣ ಅಕ್ಷರವನ್ನು ಓದುವ ಪುರುಸೊತ್ತು ಊರಿನಲ್ಲಿ ಬೇರೆ ಯಾರಿಗೂ ಇಲ್ಲ. ಹಂದಿ ಹಿತ್ತಲಲ್ಲೇ ಬೆಳೆಯುತ್ತದೆ.

ಒಂದು ದಿನ ಅವಳು ಹೇಳಲಿಲ್ಲ. ಎರಡನೇ ದಿನವೂ ಹೇಳಲಿಲ್ಲ. ಹಂದಿಗೆ ಎರಡು ಉಂಡೆ ಹೆಚ್ಚಿಗೆ ಕೊಟ್ಟಳು. ಮೂರನೇ ದಿನ ಶಾಲೆ ಬಿಟ್ಟ ಮೇಲೆ ನೋಡಿದರೆ, ಮೇಷ್ಟ್ರು ತಮ್ಮ ಪುಟ್ಟ ತೋಟದಲ್ಲಿ ನೆಟ್ಟಿದ್ದ ಗೆಣಸನ್ನು ಬಲಿಯುವ ಮೊದಲೇ ಅಗೆಯುತ್ತಿದ್ದರು.

"ಇನ್ನೂ ಎಳೇದು ಸಾರ್" ಎಂದಳು ಮೇಬಲ್.

"ಹೌದಮ್ಮಾ. ಆದ್ರೆ ಬಲಿಯೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ" ಎಂದರು ಮೇಷ್ಟ್ರು. ಬೆರಳು ಗಾತ್ರದ ಗೆಣಸನ್ನು ಹಿಡಿದು ನೋಡಿ, ನಗಲು ಹೋಗಿ ಆಗದೆ ಬುಟ್ಟಿಗೆ ಹಾಕಿದರು.

ಮೇಬಲ್ ಅಲ್ಲಿಂದ ಓಡಿದವಳು ನಿಂತದ್ದು ಅಂಗಳದಲ್ಲಿ, ಬುಬುವಿನ ಮುಂದೆ.

"ಗ್ರೇ" ಎಂದಳು. ಅಳು ತಡೆಯಲಿಲ್ಲ. "ಅವನ ಹೆಸರು ಗ್ರೇ. ಪುಸ್ತಕದಲ್ಲಿ ಬರೆದಿದೆ. 1821ನೇ ಇಸವಿ."

ಮೇಷ್ಟ್ರನ್ನು ಪುಸ್ತಕದ ಸಮೇತ ಕರೆಸಿದರು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ ಹಣೆ ಬಡಿದುಕೊಂಡರು. "ಅಯ್ಯೋ, ಇದು ಯಾವಾಗ್ಲೂ ಇರುತ್ತೆ ಯಜಮಾನ್ರೇ! ಮೊದಲು ಹೆಸರಿಟ್ಟವರು ಯಾರೋ ಅವರ ಹೆಸರು, ಇಟ್ಟ ವರ್ಷ, ಎರಡನ್ನೂ ಪಕ್ಕದಲ್ಲಿ ಹಾಕೋದು ವಿಜ್ಞಾನಿಗಳ ಪದ್ಧತಿ. ನಾನು ಅದನ್ನ ಓದೋದೇ ಇಲ್ಲ!"

"ನೋಡಿದ್ರಾ" ಎಂದ ಬುಬು. ಎರಡು ವಾರದಲ್ಲಿ ಮೊದಲ ಸಲ ಅವನ ಮುಖ ಅರಳಿತ್ತು. "ಅವರಲ್ಲೂ ಪದ್ಧತಿ ಇದೆ. ಜನ ಕೆಟ್ಟವರಲ್ಲ. ನೀರಾನೆಗೂ ಇವನೇ ಅಂದ್ರಾ?"

"ಹೌದು. ಇಂಗ್ಲೆಂಡಿನವರು. ತೀರಿಕೊಂಡು ನೂರು ವರ್ಷದ ಮೇಲಾಯ್ತು."

"ದೊಡ್ಡ ಮನುಷ್ಯ" ಎಂದು ಬುಬು ತಲೆದೂಗಿದ. "ಎಷ್ಟು ಹಂದಿ ಸಾಕಿದ್ದನೋ!"

ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಯಜಮಾನ ತೀರಿಕೊಂಡಿದ್ದರೆ ಅವನ ಪರವಾಗಿ ಒಬ್ಬರು ನಿಲ್ಲಬೇಕು. ಗ್ರೇ ಕಡೆಯವರು ಈ ದ್ವೀಪದಲ್ಲಿ ಯಾರೂ ಇಲ್ಲ. "ಆ ಮಾತನ್ನ ಸಮುದ್ರ ದಾಟಿಸಿ ತಂದವರು ನೀವು, ನೀವೇ ನಿಲ್ಲಿ" ಎಂದು ಬುಬು ಮೇಷ್ಟ್ರಿಗೆ ಹೇಳಿದ. "ನಿಂತವರದೇ ಹಂದಿ. ಆಮೇಲೆ ಸಾಕ್ಬೋದು, ತಿನ್ಬೋದು, ಯಾರಿಗಾದ್ರೂ ಕೊಡ್ಬೋದು. ಅದು ನಿಮ್ಮಿಷ್ಟ."

ಮರುದಿನ ಬೆಳಿಗ್ಗೆ ಇಡೀ ಊರು ಅಂಗಳದಲ್ಲಿ ಸೇರಿತು. ಹಿಲ್ಡಾ ಅತ್ತೆ ಮೇಷ್ಟ್ರಿಗೆ ಪ್ಯಾಂಟಿನ ಮೇಲೆಯೇ, ಯಜಮಾನರು ಉಡುವ ಕೆಂಪು ಚಾಪೆ ಸುತ್ತಿ, ಸೊಂಟಕ್ಕೆ ಎಲೆ ಸಿಕ್ಕಿಸಿ, ನಡುವಿನ ಕಲ್ಲಿನ ಮೇಲೆ ಕೂರಿಸಿದಳು.

"ಹೇಗೆ ಕೂರ್ಬೇಕು?" ಮೇಷ್ಟ್ರು ಪಿಸುಗುಟ್ಟಿದರು.

"ಇಂಗ್ಲೆಂಡಿನವನ ಹಾಗೆ" ಎಂದಳು ಅತ್ತೆ.

ಮೇಷ್ಟ್ರು ಕಾಲಿನ ಮೇಲೆ ಕಾಲು ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಚಾಪೆ ಜಾರಿತು. ಯಾರೂ ನಗಲಿಲ್ಲ.

ಮೇಬಲ್ ಹಂದಿಯನ್ನು ಕರೆತಂದಳು. ಅದಕ್ಕೆ ಬೆಳಿಗ್ಗೆ ಸ್ನಾನ ಮಾಡಿಸಿ, ಬಿಳಿ ಕಿವಿಯನ್ನು ತಿಕ್ಕಿ ತಿಕ್ಕಿ ಹೊಳೆಯುವಂತೆ ಮಾಡಿದ್ದಳು. ಅಂಗಳ ದಾಟಲು ಇಪ್ಪತ್ತು ಹೆಜ್ಜೆ ಸಾಕು. ಅವಳು ಅದನ್ನು ಐವತ್ತು ಹೆಜ್ಜೆ ಮಾಡಿದಳು.

"ಗ್ರೇ" ಎಂದ ಬುಬು ಗಟ್ಟಿಯಾಗಿ, ಮೇಷ್ಟ್ರನ್ನು ನೋಡುತ್ತ. "ಈ ಹುಡುಗಿ ನೀನು ಕೊಟ್ಟ ಹೆಸರನ್ನ ಕೇಳದೆ ತಗೊಂಡಿದ್ಲು. ಇವತ್ತು ಕೇಳಿ ತಗೋತಿದಾಳೆ. ಹಂದಿ ತಂದಿದಾಳೆ. ಒಪ್ಪಿಗೆಯಾ?"

"ಒಪ್ಪಿಗೆ" ಎಂದರು ಮೇಷ್ಟ್ರು.

"ಇಂಗ್ಲಿಷಲ್ಲಿ!" ಎಂದು ಹಿಲ್ಡಾ ಅತ್ತೆ ತಿವಿದಳು.

"ಯೆಸ್. ಥ್ಯಾಂಕ್ ಯೂ."

ಮೇಬಲ್ ಹಗ್ಗವನ್ನು ಕೊಟ್ಟಳು. ಕೊಟ್ಟ ಮೇಲೂ ಅವಳ ಬೆರಳು ಸ್ವಲ್ಪ ಹೊತ್ತು ಬಿಡಲಿಲ್ಲ. ಆಮೇಲೆ ಬಿಟ್ಟಿತು. ಹಂದಿ ಹೋಗಿ ಮೇಷ್ಟ್ರ ಶೂ ಮೂಸತೊಡಗಿತು. ಅದಕ್ಕೆ ಯಾವ ದುಃಖವೂ ಇದ್ದಂತೆ ಕಾಣಲಿಲ್ಲ. ಅದನ್ನು ನೋಡಿ ಮೇಬಲ್‌ಗೆ ಇನ್ನೂ ದುಃಖವಾಯಿತು.

ಮೇಷ್ಟ್ರು ಮರಿಯ ಬೆನ್ನು ಸವರಿದರು. ಅವರ ಮುಖ ಹಿಗ್ಗಿತ್ತು. "ನನ್ನ ಜೀವನದಲ್ಲಿ ಇದೇ ಮೊದಲ ಸ್ವಂತ ಹಂದಿ" ಎಂದರು. "ಕ್ರಿಸ್‌ಮಸ್‌ಗೆ ತಾನ್ನಾದಲ್ಲಿ ನನ್ನ ತಮ್ಮನ ಮದುವೆ ಇದೆ. ಬರಿಗೈಲಿ ಹೋಗ್ಬೇಕಲ್ಲ ಅಂದ್ಕೊಂಡಿದ್ದೆ."

ಮದುವೆಗೆ ಹೋದ ಹಂದಿ ಏನಾಗುತ್ತದೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಮೇಬಲ್ ನೆಲ ನೋಡಿದಳು.

"ಇನ್ನು ಮೇಲೆ ಆ ಹೆಸರು ಮೇಬಲ್‌ದು" ಎಂದು ಬುಬು ಎಲ್ಲರಿಗೂ ಕೇಳುವಂತೆ ಸಾರಿದ. "ಈ ದ್ವೀಪದಲ್ಲಿ ಯಾರಿಗೆ ಬೇಕಾದ್ರೂ ಅವಳನ್ನೇ ಕೇಳ್ಬೇಕು." ಸ್ವಲ್ಪ ತಡೆದು, "ಮೇಷ್ಟ್ರೇ, ನಾಳೆ ಶುಕ್ರವಾರ ಅಲ್ವಾ?" ಎಂದ.

ಮೇಷ್ಟ್ರ ಕೈ ಹಂದಿಯ ಬೆನ್ನ ಮೇಲೆ ನಿಂತಿತು.

"ನಾಳೆ ಮಕ್ಕಳು ಅದನ್ನ ಬರೀಬೇಕು" ಎಂದರು ನಿಧಾನವಾಗಿ. "ಅಂದ್ರೆ ನಾನು ಮೇಬಲ್ ಹತ್ರ..."

"ಹೂಂ."

"ಒಂದು ಕೋಳಿ ಕೊಟ್ರೆ?"

"ಹೆಸರಿಗೆ ಹಂದಿ" ಎಂದ ಬುಬು. ಅಷ್ಟು ಹೇಳಿ ಅವನು ಸಮುದ್ರದ ಕಡೆ ಮುಖ ಮಾಡಿಕೊಂಡು ನಿಂತ.

ಮೇಷ್ಟ್ರು ಕೈಯಲ್ಲಿದ್ದ ಹಗ್ಗ ನೋಡಿದರು. ಹಗ್ಗದ ತುದಿಯ ಹಂದಿಯನ್ನು ನೋಡಿದರು. ಇಪ್ಪತ್ಮೂರು ಮಕ್ಕಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಆಮೇಲೆ ಅವರು ಚಾಪೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಕಲ್ಲಿನಿಂದ ಇಳಿದು ಬಂದು, ಮೇಬಲ್ ಮುಂದೆ ನಿಂತರು.

"ಮೇಬಲ್, ನಿನ್ನ ಹತ್ರ ಇರೋ ಹೆಸರು ನಮ್ಮ ಕ್ಲಾಸಿಗೆ ಬೇಕು. ಹಂದಿ ತಂದಿದೀನಿ. ಒಪ್ಪಿಗೆಯಾ?"

ಮೇಬಲ್ ಹಗ್ಗ ಹಿಡಿದುಕೊಂಡು ಜೋರಾಗಿ ತಲೆಯಾಡಿಸಿದಳು. "ಇಂಗ್ಲಿಷಲ್ಲಿ ಹೇಳೇ!" ಎಂದು ಹಿಲ್ಡಾ ಅತ್ತೆ ಕೂಗಿದಳು, ಕಣ್ಣು ಒರೆಸಿಕೊಳ್ಳುತ್ತ. ಅಷ್ಟು ಹೊತ್ತು ತಡೆದುಕೊಂಡಿದ್ದ ಊರು ಆಗ ನಕ್ಕಿತು. ಇಪ್ಪತ್ತೆರಡು ಮಕ್ಕಳು ಒಟ್ಟಿಗೆ "ಸುಯಿಡೇಏಏ!" ಎಂದು ಬೊಬ್ಬೆ ಹೊಡೆದರು. ಎಲ್ಲರಿಗಿಂತ ಗಟ್ಟಿಯಾಗಿ ಸೆಲ್ವಿನ್.

ಮಧ್ಯಾಹ್ನ ಎಲ್ಲರೂ ಚದುರಿದ ಮೇಲೆ ಮೇಬಲ್ ಹಂದಿಯನ್ನು ಹಿತ್ತಲಿಗೆ ಕರೆತಂದಳು. ಬುಬು ಹಿಂದೆಯೇ ಬಂದ. ಹಗ್ಗವನ್ನು ಅವಳಿಂದ ತೆಗೆದುಕೊಂಡು ಗೂಟಕ್ಕೆ ಕಟ್ಟಲು ಬಗ್ಗಿದ.

"ಬುಬು, ಮೇಷ್ಟ್ರು ವಾಪಸ್ ಕೊಡ್ತಾರೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ಇಲ್ಲ."

"ಕೊಡದೇ ಇದ್ದಿದ್ರೆ?"

"ಹೋಗ್ತಿತ್ತು."

"ಕೊಡಿ ಅಂತ ನೀನು ಹೇಳ್ತಿರ್ಲಿಲ್ವಾ?"

"ಅದು ಅವರ ಹಂದಿಯಾಗಿತ್ತು ಮಗಾ."

ಅವನು ಮೂರು ಸಲ ಗಂಟು ಹಾಕಿದ. ಮೂರು ಸಲವೂ ಗಂಟು ಬಿಚ್ಚಿಕೊಂಡಿತು. ನೂರಾರು ಹಂದಿಗಳನ್ನು ಕಟ್ಟಿದ ಕೈ ಅದು. ಮೇಬಲ್ ಅದನ್ನು ನೋಡಿದಳು. ಬುಬುವಿನ ಮೇಲಿದ್ದ ಸಿಟ್ಟು ಯಾವಾಗಲೋ ಕರಗಿ ಹೋಗಿತ್ತು. ಅವಳು ಹಗ್ಗ ಇಸಿದುಕೊಂಡು ತಾನೇ ಕಟ್ಟಿದಳು.

ಬುಬು ಎದ್ದು ಹೋಗಲಿಲ್ಲ. ಹೆಗಲ ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಸುಟ್ಟ ಗೆಣಸಿತ್ತು, ಅವನ ಮಧ್ಯಾಹ್ನದ ಊಟ. ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ಇದು ಹಂದಿಯಲ್ಲ, ಗೊತ್ತು" ಎಂದ. "ನಂಗೆ ಒಂದೇ ಸಲಕ್ಕೆ ಸಾಕು. ಅವನನ್ನ ಆ ಹೆಸರಲ್ಲಿ ಕರೀಲಾ?"

ಮೇಬಲ್ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಮಕ್ಕಳೆಲ್ಲ ಬೊಬ್ಬೆ ಹೊಡೆಯುವಾಗಲೂ ಬುಬು ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಮೇಷ್ಟ್ರು ಹೆಸರನ್ನು ಕೇಳಿ ಪಡೆದದ್ದು ಕ್ಲಾಸಿನವರಿಗಾಗಿ ಮಾತ್ರ. ಬುಬು ಕ್ಲಾಸಿನಲ್ಲಿ ಇರಲಿಲ್ಲ.

ದೊಡ್ಡವರು ತೆಗೆದುಕೊಳ್ಳುವ ಹಾಗೆಯೇ ಅವಳು ಗೆಣಸನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಕರಿ ಬುಬು" ಎಂದಳು.

ಬುಬು ಗಂಟಲು ಸರಿಮಾಡಿಕೊಂಡ. ಆಮೇಲೆ ಬಹಳ ಮೆಲ್ಲಗೆ, ಒಂದೊಂದೇ ಅಕ್ಷರವನ್ನು ಕೆಳಗೆ ಬೀಳದ ಹಾಗೆ ಎತ್ತಿಡುತ್ತ ಕರೆದ. ಹಂದಿ ತಲೆಯೆತ್ತಿ ನೋಡಿತು.